ತೋಟದಾಳುಗಳ ಹಳೆಯ ಫೋಟೋದಲ್ಲಿ ನಿಮ್ಮವರನ್ನು ಹುಡುಕುವುದು ಹೇಗೆ

ನನ್ನ ತಾಯಿಯ ತಾಯಿ ತೀರಿಕೊಂಡ ಮೇಲೆ ಅವರ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ಹಳೆಯ ರೇಷನ್ ಕಾರ್ಡಿನ ಮಡಿಕೆಯೊಳಗೆ, ಅಂಗೈ ಅಗಲದ ಒಂದು ಕಪ್ಪುಬಿಳುಪು ಫೋಟೋ ಸಿಕ್ಕಿತು. ಕಾಫಿ ಕಣದ ಅಂಚಿನಲ್ಲಿ ಇಪ್ಪತ್ತಮೂರು ಮಂದಿ ಮೂರು ಸಾಲಾಗಿದ್ದಾರೆ. ನಡುವಿನ ಕುರ್ಚಿಯಲ್ಲಿ ಕೋಟು ತೊಟ್ಟ ಒಬ್ಬರು, ಅವರ ಪಕ್ಕದಲ್ಲಿ ತೋಟದ ಲೆಕ್ಕ ಬರೆಯುವ ರೈಟರು, ಹಿಂದೆ ನಿಂತ ಗಂಡಸರ ತಲೆಯ ಮೇಲೆ ಹಾಳೆಟೊಪ್ಪಿ, ಮುಂದೆ ನೆಲದ ಮೇಲೆ ಕುಳಿತ ಹೆಂಗಸರ ಮಡಿಲಲ್ಲಿ ಹಣ್ಣು ಕೊಯ್ಯುವ ಬುಟ್ಟಿ, ಒಬ್ಬಾಕೆಯ ಕಂಕುಳಲ್ಲಿ ಮಗು. ಫೋಟೋದ ಬೆನ್ನಿನ ಮೇಲೆ ಶಾಯಿಯಲ್ಲಿ ಬರೆದಿದ್ದ ಹೆಸರು ಒಂದೇ ಒಂದು, ಅದು ಕುರ್ಚಿಯಲ್ಲಿ ಕುಳಿತವರದು.

ಕೂಲಿಯಾಳುಗಳ ಹಳೆಯ ಫೋಟೋಗಳಲ್ಲಿ ಹೆಚ್ಚಿನವು ಹೀಗೆಯೇ ಇರುತ್ತವೆ. ಫೋಟೋ ತೆಗೆಸಿದವರ ಹೆಸರು ಉಳಿದಿರುತ್ತದೆ, ದುಡಿದವರ ಹೆಸರು ಇರುವುದಿಲ್ಲ. ಆದರೆ ಆ ಹೆಸರುಗಳು ಎಲ್ಲಿಯೂ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ; ಅವು ಬೇರೆ ಬೇರೆ ಕಡೆ ಚದುರಿಕೊಂಡಿರುತ್ತವೆ, ಮತ್ತು ಅಲ್ಲಿಗೆ ಹೋಗುವ ದಾರಿ ಮುಖಗಳಿಂದ ಆರಂಭವಾಗುವುದಿಲ್ಲ, ನೆಲದಿಂದ ಆರಂಭವಾಗುತ್ತದೆ. ಎರಡು ವರ್ಷ ನಾನು ಮಾಡಿದ ತಪ್ಪು ಇದೇ: ಪ್ರತಿ ಮುಖದಲ್ಲಿಯೂ ಅಜ್ಜಿಯ ಮೂಗನ್ನು, ತಾಯಿಯ ಹುಬ್ಬನ್ನು ಹುಡುಕುತ್ತ ಕುಳಿತಿದ್ದೆ. ಇದು ಯಾರ ಕಣ, ಯಾವ ಸುಗ್ಗಿ, ಇಷ್ಟು ಆಳುಗಳು ಎಲ್ಲಿಂದ ಬಂದರು ಎಂದು ಕೇಳಲು ತೊಡಗಿದ ಮೇಲೆಯೇ ಫೋಟೋ ಮಾತನಾಡತೊಡಗಿತು. ಅಂಥದೊಂದು ಫೋಟೋವನ್ನು ಕೈಯಲ್ಲಿ ಹಿಡಿದು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕುಳಿತವರಿಗಾಗಿ ಈ ವಿಧಾನವನ್ನು ಬರೆದಿಡುತ್ತಿದ್ದೇನೆ.

ಮೊದಲು ಫೋಟೋವನ್ನು ಉಳಿಸಿಕೊಳ್ಳಿ

ಹುಡುಕಾಟಕ್ಕೆ ಮೂಲ ಫೋಟೋವನ್ನು ಒಯ್ಯಬೇಡಿ. ಸ್ಕ್ಯಾನರಿನಲ್ಲಿ ಕನಿಷ್ಠ 600 ಡಿಪಿಐ ಗುಣಮಟ್ಟದಲ್ಲಿ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿಸಿ. ಫೋಟೋ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿದ್ದರೆ 1200 ಇರಲಿ. ಬೆನ್ನಿನ ಬದಿಯಲ್ಲಿ ಏನೂ ಇಲ್ಲವೆಂದು ಕಂಡರೂ ಬಿಡಬೇಡಿ, ಏಕೆಂದರೆ ಬರಿಗಣ್ಣಿಗೆ ಕಾಣದ ಪೆನ್ಸಿಲಿನ ಗೀರು, ಸ್ಟುಡಿಯೋದ ಮಾಸಿದ ಮುದ್ರೆ ಸ್ಕ್ಯಾನಿನಲ್ಲಿ ಹಿಗ್ಗಿಸಿದಾಗ ಎದ್ದು ಕಾಣುವುದುಂಟು. ಗಾಜಿಗೆ ಅಂಟಿಕೊಂಡ ಫೋಟೋವನ್ನು ಕೀಳಲು ಹೋದರೆ ಚಿತ್ರದ ಪದರವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಸಮೇತವಾಗಿಯೇ ಸ್ಕ್ಯಾನ್ ಮಾಡಿ, ಇಲ್ಲವೇ ಪಕ್ಕದಿಂದ ಬೀಳುವ ಹಗಲು ಬೆಳಕಿನಲ್ಲಿ ಅದರ ಚಿತ್ರ ತೆಗೆದುಕೊಳ್ಳಿ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಫೋಟೋಗಳಿಗೆ ಬೂಷ್ಟು ಹಿಡಿಯುವುದರಿಂದ ಪ್ಲಾಸ್ಟಿಕ್ ಆಲ್ಬಮ್ಮಿನ ಬದಲು ಒಳ್ಳೆಯ ಕಾಗದದ ಲಕೋಟೆಯಲ್ಲಿ, ಗೋಡೆಗೆ ತಾಗದ ಒಣ ಜಾಗದಲ್ಲಿಡಿ.

ಮೊಬೈಲಿನಲ್ಲಿ ಹಳೆಯ ಫೋಟೋಗಳನ್ನು ಸ್ಫುಟಗೊಳಿಸುವ, ಬಣ್ಣ ತುಂಬುವ ಆ್ಯಪ್‌ಗಳು ಈಗ ಎಲ್ಲರ ಕೈಗೂ ಸಿಗುತ್ತವೆ. ಗುರುತು ಹಿಡಿಸುವ ಕೆಲಸಕ್ಕೆ ಅವುಗಳನ್ನು ಬಳಸಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮಸುಕಾದ ಮುಖಕ್ಕೆ ಅವು ಕಣ್ಣುರೆಪ್ಪೆ, ತುಟಿಗಳನ್ನು ತಾವಾಗಿಯೇ ಊಹಿಸಿ ಬರೆದುಬಿಡುತ್ತವೆ. ಹಾಗೆ ಹುಟ್ಟಿದ ಮುಖವನ್ನು ಎಂಬತ್ತು ವರ್ಷದ ಹಿರಿಯರ ಮುಂದೆ ಇಟ್ಟರೆ ಅವರು ಯಾರನ್ನೋ ಗುರುತಿಸಬಹುದು, ಆದರೆ ಅವರು ಗುರುತಿಸಿದ್ದು ನಿಮ್ಮ ಫೋಟೋದಲ್ಲಿ ಇದ್ದವರನ್ನಲ್ಲ.

ನೆಲವನ್ನು, ಕೆಲಸವನ್ನು, ಕಾಲವನ್ನು ಓದಿ

ಈಗ ಭೂತಗನ್ನಡಿ ಹಿಡಿದು, ಮುಖಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿ. ಕೈಯಲ್ಲಿರುವ ಉಪಕರಣವೇ ಸೀಮೆಯನ್ನು ಹೇಳುತ್ತದೆ. ಕೂರಿಗೆ, ಕುಂಟೆಗಳು ಕಂಡರೆ ಬಯಲುಸೀಮೆಯ ಒಣಬೇಸಾಯ. ಕಣದ ನಡುವೆ ಮೇಟಿ ನೆಟ್ಟು ಎತ್ತುಗಳನ್ನು ಸುತ್ತು ಹೊಡೆಯುತ್ತಿದ್ದರೆ ಅಥವಾ ತೆನೆಯ ಮೇಲೆ ಉರುಳಿಸುವ ರೋಣಗಲ್ಲು ಬಿದ್ದಿದ್ದರೆ ಜೋಳ, ರಾಗಿಗಳ ಒಕ್ಕಣೆ. ಹೆಂಗಸರು ಕಚ್ಚೆ ಹಾಕಿ ಸೀರೆ ಉಟ್ಟಿದ್ದರೆ ಉತ್ತರ ಕರ್ನಾಟಕದ ಕಡೆಗೆ ನೋಡಬೇಕು. ನೆರಿಗೆಯನ್ನು ಬೆನ್ನ ಹಿಂದೆ ಇಟ್ಟು ಉಟ್ಟಿದ್ದರೆ ಕೊಡಗಿನ ಕಡೆಗೆ. ತಲೆಯ ಮೇಲೆ ಅಡಕೆಹಾಳೆಯ ಟೊಪ್ಪಿ ಇದ್ದರೆ, ತುಳುವಿನಲ್ಲಿ ಅದನ್ನೇ ಮುಟ್ಟಾಳೆ ಎನ್ನುತ್ತಾರೆ, ಆ ಆಳುಗಳು ಕರಾವಳಿಯವರೋ ಘಟ್ಟದ ಸೆರಗಿನವರೋ ಆಗಿರುವ ಸಂಭವ ಹೆಚ್ಚು. ಕಂಬಳಿ ಕೊಪ್ಪೆಯಾಗಲಿ ಮಳೆಗೆ ಬೆನ್ನ ಮೇಲೆ ಹೊದೆಯುವ ಗೊರಬಾಗಲಿ ಕಂಡರೆ ಮಳೆಗಾಲದ ನಾಟಿಯ ದಿನಗಳು. ಕಾಫಿ ತೋಟವಾಗಿದ್ದು ಬುಟ್ಟಿ ತುಂಬ ಹಣ್ಣಿದ್ದರೆ ತಿಂಗಳನ್ನೇ ಹೇಳಬಹುದು, ಏಕೆಂದರೆ ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಬೆನ್ನಿಗೆ ಮಾರ್ಚಿಯವರೆಗೆ ನಡೆಯುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಹೊಲದಲ್ಲಿ ಹತ್ತಿಪ್ಪತ್ತು ಜನ ಒಟ್ಟಿಗೆ ಕಂಡಮಾತ್ರಕ್ಕೆ ಅವರೆಲ್ಲ ಕೂಲಿಯವರೆಂದು ತಿಳಿಯಬಾರದು. ನಾಟಿ, ಕೊಯ್ಲುಗಳ ದಿನ ಅಕ್ಕಪಕ್ಕದ ಮನೆಯವರು, ನೆಂಟರು ಒಬ್ಬರ ಗದ್ದೆಗೆ ಒಬ್ಬರು ಮುಯ್ಯಾಳಾಗಿ ಹೋಗುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಇದೆ. ಮುಯ್ಯಾಳುಗಳ ಫೋಟೋವಾಗಿದ್ದರೆ ಅದರಲ್ಲಿರುವವರು ಬಹುತೇಕ ಒಂದೇ ಕೇರಿಯವರು, ಪರಸ್ಪರ ಬಂಧುಗಳು; ದೊಡ್ಡ ತೋಟದ ಫೋಟೋವಾಗಿದ್ದರೆ ಒಬ್ಬ ಮೇಸ್ತ್ರಿ ಒಂದೆರಡು ಊರುಗಳಿಂದ ಕರೆತಂದ ಗುಂಪು. ಎರಡಕ್ಕೂ ಹುಡುಕಾಟದ ದಾರಿ ಬೇರೆಯಾಗುತ್ತದೆ. ಯಾರು ಕುರ್ಚಿಯಲ್ಲಿದ್ದಾರೆ, ಯಾರು ನೆಲದಲ್ಲಿದ್ದಾರೆ, ಯಾರು ಚಪ್ಪಲಿ ಹಾಕಿದ್ದಾರೆ, ಗುಂಪಿನಿಂದ ಒಂದು ಮಾರು ದೂರ ಯಾರನ್ನು ನಿಲ್ಲಿಸಿದ್ದಾರೆ ಎಂಬುದನ್ನು ಬರೆದುಕೊಂಡರೆ ಇದು ಯಾವ ಬಗೆಯ ಫೋಟೋ ಎಂದು ಗೊತ್ತಾಗುತ್ತದೆ. ಆ ದೂರವನ್ನು ನೋಡುವಾಗ ಮನಸ್ಸಿಗೆ ನೋವಾಗುತ್ತದೆ, ಆದರೂ ನೋಡಬೇಕು.

ಕಾಲವನ್ನು ಗುರುತಿಸಲು ಕಾಗದವನ್ನೇ ಕೇಳಬೇಕು. ಅಂಚು ಗರಗಸದ ಹಲ್ಲಿನಂತೆ ಕತ್ತರಿಸಿದ, ಸುತ್ತ ಬಿಳಿಯ ಚೌಕಟ್ಟು ಬಿಟ್ಟ ಚಿಕ್ಕ ಪ್ರತಿಗಳು ಹೆಚ್ಚಾಗಿ 1940ರಿಂದ 1960ರ ದಶಕದವರೆಗಿನವು. ಬೆನ್ನಿನ ಮೇಲೆ ಸ್ಟುಡಿಯೋದ ಮುದ್ರೆಯಿದ್ದರೆ ಅದರ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಆರಂಕಿಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದು ಮುದ್ರೆಯಲ್ಲಿದ್ದರೆ ಫೋಟೋ ಅದಕ್ಕಿಂತ ಹಳೆಯದಲ್ಲ. ‘ಮೈಸೂರು ಸ್ಟೇಟ್’ ಎಂದಿದ್ದರೆ ಮುದ್ರೆ ಮಾಡಿಸಿದ್ದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ರ ನವೆಂಬರ್ 1ಕ್ಕೆ ಮೊದಲು. ‘ಕಡೂರು ಜಿಲ್ಲೆ’ ಎಂದಿದ್ದರೆ ಇನ್ನೂ ಹಿಂದಿನದು, ಏಕೆಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯನ್ನು 1947ರವರೆಗೆ ಹಾಗೆ ಕರೆಯುತ್ತಿದ್ದರು. ಹಳೆಯ ರಬ್ಬರ್ ಮುದ್ರೆಯನ್ನೇ ವರ್ಷಗಟ್ಟಲೆ ಬಳಸುವ ಸ್ಟುಡಿಯೋಗಳೂ ಇದ್ದುದರಿಂದ ಇಂಥ ಗುರುತು ಒಂದೇ ಸಾಲದು, ಎರಡು ಮೂರು ಕೂಡಿ ಬರಬೇಕು. ಫೋಟೋ ತಿರುಗುಮುರುಗಾಗಿ ಮುದ್ರಣವಾಗಿದೆಯೇ ಎಂಬುದನ್ನೂ ನೋಡಿ: ಎಲ್ಲರೂ ಎಡಗೈಯಲ್ಲಿ ಕತ್ತಿ ಹಿಡಿದಿದ್ದರೆ, ಗೋಣಿಚೀಲದ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತಿದ್ದರೆ ನೆಗೆಟಿವನ್ನು ಮಗುಚಿ ಹಾಕಿದ್ದಾರೆಂದೇ ಅರ್ಥ. ಹಾಗಿದ್ದಾಗ ‘ಬಲಗಡೆಯಿಂದ ಮೂರನೆಯವಳು ನಮ್ಮಕ್ಕ’ ಎಂಬ ನೆನಪು ಎಡಗಡೆಗೆ ಹೋಗುತ್ತದೆ.

ಹಿರಿಯರ ಮುಂದೆ ಇಡುವ ರೀತಿ

ಇದು ಇಡೀ ಕೆಲಸದ ಜೀವಾಳ, ಮತ್ತು ಅವಸರ ಮಾಡಿದರೆ ಹಾಳಾಗುವ ಭಾಗವೂ ಇದೇ. ಫೋಟೋವನ್ನು ಪುಟದಗಲಕ್ಕೆ ದೊಡ್ಡದು ಮಾಡಿ ಮುದ್ರಿಸಿ, ಅದರ ಮೇಲೆ ಪಾರದರ್ಶಕ ಕಾಗದವಿಟ್ಟು ಪ್ರತಿ ತಲೆಗೂ ಒಂದು ಸಂಖ್ಯೆ ಕೊಡಿ. ಸಂಖ್ಯೆಯ ಕಾಗದ ನಿಮ್ಮ ಬಳಿ ಇರಲಿ, ಹಿರಿಯರಿಗೆ ಸಂಖ್ಯೆಯಿಲ್ಲದ ಪ್ರತಿಯನ್ನೇ ಕೊಡಿ. ‘ಇವರು ನಮ್ಮ ಅಜ್ಜಿಯ ಅಕ್ಕನಾ?’ ಎಂದು ಕೇಳಿದರೆ ಅವರು ನಿಮ್ಮ ಮೇಲಿನ ಪ್ರೀತಿಗಾದರೂ ಹೌದೆಂದುಬಿಡುತ್ತಾರೆ. ‘ಇದರಲ್ಲಿ ನಿಮಗೆ ಪರಿಚಯದವರು ಯಾರಾದರೂ ಇದ್ದಾರಾ?’ ಎಂದಷ್ಟೇ ಕೇಳಿ ಸುಮ್ಮನಿರಿ. ಆಮೇಲೆ, ಯಾರನ್ನಾದರೂ ಗುರುತಿಸಿದರೆ, ‘ಅವರು ಯಾರ ಪೈಕಿ?’, ಅಂದರೆ ಯಾವ ಮನೆಯವರ ಕಡೆಯವರು, ಎಂದು ಕೇಳಿ. ನಮ್ಮ ಹಳ್ಳಿಗಳಲ್ಲಿ ಹೆಸರು ಮರೆತವರಿಗೂ ಪೈಕಿ ಮರೆಯುವುದಿಲ್ಲ. ‘ಹೆಸರು ಗೊತ್ತಿಲ್ಲ, ಕೆರೆಯಾಚೆ ಮನೆಯವರ ಪೈಕಿ’ ಎಂಬ ಒಂದು ಮಾತು ಹತ್ತು ಹೆಸರಿಗೆ ಸಮ.

ಒಬ್ಬೊಬ್ಬರನ್ನು ಬೇರೆ ಬೇರೆಯಾಗಿ ಕೇಳಬೇಕು. ಜಗುಲಿಯ ಮೇಲೆ ನಾಲ್ವರನ್ನು ಕೂರಿಸಿ ಕೇಳಿದರೆ ಮೊದಲು ಮಾತಾಡಿದವರ ನೆನಪೇ ಎಲ್ಲರ ನೆನಪಾಗುತ್ತದೆ. ಅವರ ಒಪ್ಪಿಗೆ ಪಡೆದು ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಏಕೆಂದರೆ ಬರೆದುಕೊಳ್ಳುವಾಗ ನಾವು ನಮಗೆ ಬೇಕಾದುದನ್ನಷ್ಟೇ ಬರೆಯುತ್ತೇವೆ, ಬೇಡವೆಂದು ಬಿಟ್ಟದ್ದೇ ಮುಂದೆ ಬೇಕಾಗುತ್ತದೆ. ವರ್ಷ ಕೇಳಿದರೆ ಹೇಳಲಾಗದವರು ಘಟನೆ ಕೇಳಿದರೆ ಹೇಳುತ್ತಾರೆ: ಗಾಂಧಿ ತೀರಿಕೊಂಡಾಗ ನೀವು ಎಷ್ಟು ದೊಡ್ಡವರಿದ್ದಿರಿ, ಲಿಂಗನಮಕ್ಕಿ ಅಣೆಕಟ್ಟಿನ ನೀರು ಬರುವ ಮೊದಲೋ ಆಮೇಲೋ, ಹಗಲೇ ಕತ್ತಲಾದ 1980ರ ಫೆಬ್ರವರಿಯ ಗ್ರಹಣದ ಹೊತ್ತಿಗೆ ಮದುವೆಯಾಗಿತ್ತೇ. ಸಂವತ್ಸರದ ಹೆಸರು ಹೇಳುವವರು ಸಿಕ್ಕರೆ ಅದೃಷ್ಟ, ಆದರೆ ಆ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಎಂಬುದು ನೆನಪಿರಲಿ. ಕ್ರೋಧಿ 1964-65ರಲ್ಲಿಯೂ ಇತ್ತು, 2024-25ರಲ್ಲಿಯೂ ಇತ್ತು. ನನ್ನ ಫೋಟೋದ ಕಾಲವನ್ನು ಕಟ್ಟಿಕೊಟ್ಟದ್ದು ಅಜ್ಜಿಯ ಕಿರಿಯ ತಮ್ಮ. ಅವರು ಆಗ ಎಂಟು ವರ್ಷದ ಹುಡುಗ. ‘ಮೊದಲ ಓಟು ಬಂತಲ್ಲ, ಆ ಚಳಿಗಾಲ ಅಕ್ಕಂದಿರು ಘಟ್ಟಕ್ಕೆ ಹೋಗಿದ್ದರು, ಅಮ್ಮ ಹೋಗಲಿಲ್ಲ’ ಎಂದರು. ಮೊದಲ ಮಹಾಚುನಾವಣೆ 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆಯಿತು. ಬುಟ್ಟಿಯಲ್ಲಿದ್ದ ಹಣ್ಣು ಆ ಚಳಿಗಾಲಕ್ಕೆ ಸರಿಹೊಂದಿತು.

ಅವರು ಹೇಳಿದ್ದು ‘ಅಕ್ಕಂದಿರು’. ನಮಗೆ ಗೊತ್ತಿದ್ದದ್ದು ಒಬ್ಬರೇ ಅಕ್ಕ, ನಮ್ಮ ಅಜ್ಜಿ. ಇಂಥ ಒಂದು ಬಹುವಚನ ಕಿವಿಗೆ ಬಿದ್ದಾಗ ಅಲ್ಲಿಯೇ ಮೈಮೇಲೆ ಬಿದ್ದು ಪ್ರಶ್ನಿಸಬೇಡಿ. ನಾನು ಅದನ್ನು ಬರೆದುಕೊಂಡು, ಮುಂದಿನ ಸಲ ಹೋದಾಗ, ಮನೆಯಲ್ಲಿ ಬೇರೆಯವರು ಇಲ್ಲದಾಗ ಕೇಳಿದೆ. ಹಿರಿಯಕ್ಕ ಘಟ್ಟದ ಮೇಲೆಯೇ ಒಬ್ಬರನ್ನು ಮದುವೆಯಾಗಿ ಉಳಿದುಬಿಟ್ಟರೆಂದೂ, ತಂದೆ ಮತ್ತೆ ಆ ಹೆಸರನ್ನು ಮನೆಯಲ್ಲಿ ಎತ್ತಗೊಡಲಿಲ್ಲವೆಂದೂ ಹೇಳಿ ಅವರು ಬಹಳ ಹೊತ್ತು ಸುಮ್ಮನಾದರು. ಆಳುಗಳ ಫೋಟೋಗಳ ಹಿಂದೆ ಇಂಥ ಮೌನಗಳು ಇರುತ್ತವೆ: ಜೀತಕ್ಕೆ ಬಿಟ್ಟ ಮಗ, ಸಾಲ ತೀರದೆ ಊರು ಬಿಟ್ಟವರು, ಜಾತಿ ಮೀರಿ ಆದ ಮದುವೆ. 1976ರ ಕಾಯಿದೆ ಜೀತವನ್ನು ರದ್ದುಗೊಳಿಸಿತು, ಆದರೆ ಅದನ್ನು ಅನುಭವಿಸಿದವರಿಗೆ ಅದರ ಮಾತೆತ್ತುವುದು ಇಂದಿಗೂ ಸುಲಭವಲ್ಲ. ಹೇಳಲು ಇಷ್ಟವಿಲ್ಲದವರನ್ನು ಅವರ ಪಾಡಿಗೆ ಬಿಡುವುದು ಈ ಕೆಲಸದ ಮೊದಲ ನಿಯಮ.

ಫೋಟೋದಲ್ಲಿ ಎಲ್ಲಕ್ಕಿಂತ ಚಿಕ್ಕವರು ಯಾರು ಎಂಬುದಕ್ಕೆ ವಿಶೇಷ ಗಮನ ಕೊಡಿ. ಕಂಕುಳ ಕೂಸು, ಮುಂದೆ ಕುಕ್ಕರಗಾಲಲ್ಲಿ ಕುಳಿತ ಪೋರ, ಬುಟ್ಟಿಯ ಮರೆಯಲ್ಲಿ ಇಣುಕುವ ಹುಡುಗಿ, ಇಂಥವರು ಇಂದಿಗೂ ಬದುಕಿರುವ ಸಂಭವವಿದೆ. 1952ರಲ್ಲಿ ಒಂದು ವರ್ಷದ ಮಗುವಿಗೆ ಈಗ ಎಪ್ಪತ್ತು ದಾಟಿರುತ್ತದೆ, ಅಷ್ಟೆ. ನಾವು ಸಹಜವಾಗಿ ದೊಡ್ಡವರನ್ನು ಗುರುತಿಸಲು ಹೊರಡುತ್ತೇವೆ. ಮಗುವನ್ನು ಹುಡುಕಿಕೊಂಡು ಹೊರಟರೆ ಒಂದು ಜೀವಂತ ನೆನಪಿನ ಬಳಿಗೆ ತಲುಪಬಹುದು.

ಕಾಗದಪತ್ರಗಳಲ್ಲಿ ಆಳುಗಳ ಹೆಸರು ಇರುವ ಜಾಗಗಳು

ನೆನಪು ಒಂದು ಊರಿನ ಹೆಸರನ್ನು ಕೊಟ್ಟ ಮೇಲೆ ದಾಖಲೆಗಳ ಕಡೆಗೆ ಹೋಗಬೇಕು. ಮೊದಲು ಆ ಊರು ಆಗ ಯಾವ ಸರಕಾರದಲ್ಲಿತ್ತು ಎಂದು ನೋಡಿಕೊಳ್ಳಿ. 1956ರ ನವೆಂಬರ್ 1ಕ್ಕೆ ಮೊದಲು ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಚಿಕ್ಕಮಗಳೂರು ಮೈಸೂರಿಗೆ, ಕೊಡಗು ತನ್ನದೇ ಆದ ಪ್ರತ್ಯೇಕ ಆಡಳಿತದಲ್ಲಿತ್ತು, ಧಾರವಾಡ ಮುಂಬಯಿಗೆ, ರಾಯಚೂರು ಹೈದರಾಬಾದಿಗೆ. ಅಂದರೆ ಬೆಳ್ತಂಗಡಿಯ ಕಡೆಯವರು ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಯ ತೋಟಕ್ಕೆ ದುಡಿಯಲು ಹೋದರೆ ಅವರ ಮನೆಯ ದಾಖಲೆ ಒಂದು ರಾಜ್ಯದ್ದು, ದುಡಿಮೆಯ ದಾಖಲೆ ಇನ್ನೊಂದು ರಾಜ್ಯದ್ದು. ಇದನ್ನು ತಿಳಿಯದೆ ನಾನು ಒಂದೇ ತಾಲ್ಲೂಕು ಕಚೇರಿಯಲ್ಲಿ ತಿಂಗಳುಗಟ್ಟಲೆ ಅಲೆದೆ.

ತೋಟದಲ್ಲಿ ದುಡಿದವರ ಹೆಸರು ಮೊದಲು ಇರುವುದು ಚೆಕ್‌ರೋಲಿನಲ್ಲಿ. ದಿನದ ಹಾಜರಿ, ಕೂಲಿ, ಮುಂಗಡಗಳನ್ನು ರೈಟರು ಬರೆದಿಡುತ್ತಿದ್ದ ಈ ಪುಸ್ತಕಗಳಲ್ಲಿ ಆಳುಗಳು ಮೇಸ್ತ್ರಿಯ ಗುಂಪಿನ ಲೆಕ್ಕದಲ್ಲಿ ಬರುತ್ತಾರೆ. ಒಂದೇ ಹೆಸರಿನವರು ಇಬ್ಬರಿದ್ದರೆ ಊರನ್ನೋ ತಂದೆಯ ಹೆಸರನ್ನೋ ಸೇರಿಸಿ ಬರೆದಿರುತ್ತಾರೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯ ನಂತರ ದೊಡ್ಡ ತೋಟಗಳು ಕಾರ್ಮಿಕರ ಲೆಕ್ಕವನ್ನು ಹೆಚ್ಚು ಕ್ರಮವಾಗಿ ಇಡಬೇಕಾಯಿತು. ಹಳೆಯ ಪುಸ್ತಕಗಳನ್ನು ಗೆದ್ದಲು ತಿಂದಿರಬಹುದು, ತೋಟ ಮೂರು ಕೈ ಬದಲಾಗಿರಬಹುದು. ಆದರೂ ಮಾಲೀಕರಿಗೆ ಪತ್ರ ಬರೆದು, ಫೋಟೋದ ಪ್ರತಿಯನ್ನು ಕಳಿಸಿ ಕೇಳುವುದರಲ್ಲಿ ತಪ್ಪಿಲ್ಲ. ನಿವೃತ್ತ ರೈಟರುಗಳ ಮನೆಯ ಅಟ್ಟದಲ್ಲಿ ಕೂಡ ಇಂಥ ಪುಸ್ತಕಗಳು ಉಳಿದಿರುವುದುಂಟು. ನನಗೆ ಒಂದೇ ಒಂದು ಪುಟ ಸಿಕ್ಕಿತು, ಅದೂ ಹಾಗೆಯೇ.

ಜಮೀನಿನ ದಾಖಲೆಗಳಲ್ಲಿ ಕೂಲಿಯವರ ಹೆಸರು ಇರುವುದಿಲ್ಲವೆಂದು ಎಲ್ಲರೂ ತಿಳಿಯುತ್ತಾರೆ. ತೋಟದ ಪಹಣಿಯಲ್ಲಿ ಇರುವುದಿಲ್ಲ ನಿಜ. ಆದರೆ ಅವರೇ ತಮ್ಮ ಊರಿನಲ್ಲಿ ಒಂದು ತುಂಡು ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರಾಗಿರಬಹುದು, ಮತ್ತು ಅಲ್ಲಿ ಅವರ ಹೆಸರು ಸಿಗುವ ಒಂದು ಅಮೂಲ್ಯ ದಾಖಲೆಯಿದೆ. ದೇವರಾಜ ಅರಸರ ಸರಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ತಾವು ಉಳುತ್ತಿದ್ದ ನೆಲದ ಹಕ್ಕು ಪಡೆಯಲು ಗೇಣಿದಾರರು ಏಳನೆಯ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟು ತಾಲ್ಲೂಕಿನ ಭೂನ್ಯಾಯಮಂಡಳಿಯ ಮುಂದೆ ತಮ್ಮ ಉಳುಮೆಯನ್ನು ಸಾಬೀತು ಮಾಡಬೇಕಾಗಿತ್ತು. ಆ ಕಡತಗಳಲ್ಲಿ ಅರ್ಜಿದಾರರ ಹೆಸರು, ಸರ್ವೆ ನಂಬರು, ಒಡೆಯರ ಹೆಸರು ಇರುತ್ತವೆ. ಹೇಳಿಕೆಗಳು ಉಳಿದಿದ್ದರೆ ‘ನಮ್ಮ ತಂದೆಯ ಕಾಲದಿಂದ ಈ ಗದ್ದೆ ಮಾಡುತ್ತಿದ್ದೇವೆ’ ಎಂಬಂಥ, ಓದು ಬರಹ ಬಾರದವರ ಬಾಯಿಂದಲೇ ಬಂದ ಮಾತುಗಳೂ ಸಿಗಬಹುದು. ಬಡವರ ವಂಶದ ಬಗ್ಗೆ ಇಷ್ಟು ವಿವರವುಳ್ಳ ಸರಕಾರಿ ಕಡತ ನಮ್ಮ ರಾಜ್ಯದಲ್ಲಿ ಬೇರೊಂದಿಲ್ಲವೆಂದು ನನಗೆ ಅನ್ನಿಸುತ್ತದೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಗ್ರಾಮದ ಹೆಸರು, ಸರ್ವೆ ನಂಬರು ಕೊಟ್ಟು ನಕಲಿಗೆ ಅರ್ಜಿ ಹಾಕಿ. ಸರ್ವೆ ನಂಬರು ತಿಳಿಯದಿದ್ದರೆ ಆ ಜಾಗದಲ್ಲಿ ನಿಂತು ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ತೆರೆದರೆ ಅದು ತೋರಿಸುತ್ತದೆ.

ಜಮೀನು ಮನೆಯವರ ಹೆಸರಿಗೆ ಬಂದಿದ್ದರೆ ಮುಂದಿನ ಹೆಜ್ಜೆ ಪೌತಿ ಖಾತೆ. ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಗುವಾಗ ಮ್ಯುಟೇಷನ್ ಪುಸ್ತಕದಲ್ಲಿ ಮಕ್ಕಳ ಹೆಸರುಗಳು ಬರುತ್ತವೆ, ಜೊತೆಗೆ ವಂಶವೃಕ್ಷವನ್ನು ಇಟ್ಟಿರುತ್ತಾರೆ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದದ್ದು 2000ದ ಸುಮಾರಿಗೆ. ಅದಕ್ಕೆ ಹಿಂದಿನದಕ್ಕೆ ಕೈಬರಹದ ಪಹಣಿಯನ್ನೇ ಕೇಳಬೇಕು. ವಂಶವೃಕ್ಷದಲ್ಲಿ ಒಬ್ಬ ಮಗಳ ಹೆಸರಿಲ್ಲವೆಂದರೆ ಆಕೆ ಇರಲಿಲ್ಲವೆಂದು ತೀರ್ಮಾನಿಸಬೇಡಿ, ಹೆಣ್ಣುಮಕ್ಕಳನ್ನು ಬಿಟ್ಟೇ ಬರೆದ ವಂಶವೃಕ್ಷಗಳು ಬೇಕಾದಷ್ಟಿವೆ. ಮೊದಲ ಚುನಾವಣೆಯ ಮತದಾರರ ಪಟ್ಟಿಯಲ್ಲಿ, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಸುಮಾರು 28 ಲಕ್ಷ ಹೆಂಗಸರು ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಹೇಳಿಕೊಂಡದ್ದರಿಂದ ಅವರನ್ನು ಪಟ್ಟಿಯಿಂದ ಬಿಡಬೇಕಾಯಿತು. ಹೆಣ್ಣಿನ ಹೆಸರು ಕಾಗದಕ್ಕೆ ಬರುವುದು ಎಷ್ಟು ಕಷ್ಟವಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಹೆಂಗಸರನ್ನು ಹುಡುಕುವಾಗ ಅವರ ಮಕ್ಕಳ ಶಾಲೆಗೆ ಹೋಗಿ. ಸರಕಾರಿ ಪ್ರಾಥಮಿಕ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ ಮಗುವಿನ ಹೆಸರು, ತಂದೆ ಅಥವಾ ಪೋಷಕರ ಹೆಸರು, ಜಾತಿ, ಹುಟ್ಟಿದ ದಿನ ಇರುತ್ತವೆ. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ನಂಬಬೇಡಿ, ಅದು ಮೇಷ್ಟ್ರು ಅಂದಾಜಿನಲ್ಲಿ ಬರೆದ ದಿನ. ಕ್ರೈಸ್ತ ಕುಟುಂಬಗಳಾದರೆ ಚರ್ಚಿನ ದೀಕ್ಷಾಸ್ನಾನ, ವಿವಾಹಗಳ ದಾಖಲೆ ಬಹಳ ಹಿಂದಕ್ಕೆ ಹೋಗುತ್ತದೆ. 1834ರಿಂದ ಮಂಗಳೂರು, ಧಾರವಾಡ, ಕೊಡಗುಗಳಲ್ಲಿ ಕೆಲಸ ಮಾಡಿದ ಬಾಸೆಲ್ ಮಿಷನ್ನಿನ ಪತ್ರಾಗಾರ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದೆ. ಅಲ್ಲಿನ ಹಳೆಯ ಫೋಟೋಗಳನ್ನು ಅಂತರಜಾಲದಲ್ಲಿಯೂ ನೋಡಬಹುದು, ನಮ್ಮ ಕಡೆಯ ಹೊಲ, ಕೆಲಸ, ಉಡುಪುಗಳನ್ನು ಹೋಲಿಸಿ ನೋಡಲು ಅವು ಉಪಯುಕ್ತ. ಬಯಲುಸೀಮೆಯ, ಉತ್ತರ ಕರ್ನಾಟಕದ ಅನೇಕ ಕುಟುಂಬಗಳಿಗೆ ಇವೆಲ್ಲಕ್ಕಿಂತ ದೊಡ್ಡ ಆಸರೆ ಹೆಳವರು. ಎತ್ತನ್ನೇರಿ ಊರೂರಿಗೆ ಬಂದು, ಮನೆತನದ ಹಿರಿಯರನ್ನು ತಲೆಮಾರುಗಳ ಕ್ರಮದಲ್ಲಿ ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡು ಕಾಳು ಪಡೆದು ಹೋಗುವ ಈ ಜನ ಕೆಲವು ವರ್ಷಗಳಿಗೊಮ್ಮೆ ಬರುತ್ತಾರೆ. ನಿಮ್ಮ ಮನೆತನಕ್ಕೆ ಹೆಳವರು ಇದ್ದಾರೆಯೇ, ಅವರ ಊರು ಯಾವುದು ಎಂದು ಹಿರಿಯರಲ್ಲಿ ವಿಚಾರಿಸಿ, ಅವರು ಬರುವುದನ್ನು ಕಾಯುವ ಬದಲು ನೀವೇ ಹೋಗಿ.

ನಂಟು ನಿಜವೇ ಎಂದು ತೂಗುವುದು

ಇಷ್ಟು ಸಿಕ್ಕ ಮೇಲೆ ಉತ್ಸಾಹ ಹೆಚ್ಚುತ್ತದೆ, ತಪ್ಪುಗಳೂ ಆಗಲೇ ಆಗುವುದು. ನಮ್ಮ ಸಂಬಂಧವಾಚಕಗಳು ಒಂದಕ್ಕಿಂತ ಹೆಚ್ಚು ಅರ್ಥದವು. ‘ಮಾವ’ ಎಂದರೆ ತಾಯಿಯ ತಮ್ಮನಾಗಬಹುದು, ಸೋದರತ್ತೆಯ ಗಂಡನಾಗಬಹುದು, ಹೆಣ್ಣು ಕೊಟ್ಟವರಾಗಬಹುದು, ಇಲ್ಲವೇ ಗೌರವಕ್ಕೆ ಹಾಗೆ ಕರೆಯಿಸಿಕೊಂಡ ಊರಿನ ಯಾವ ಹಿರಿಯರೂ ಆಗಬಹುದು. ಸೋದರಮಾವನ ಮಗಳನ್ನು, ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯಿದ್ದ ಮನೆಗಳಲ್ಲಿ ಒಬ್ಬರೇ ಎರಡು ಕಡೆಯಿಂದ ಬಂಧುವಾಗುತ್ತಾರೆ. ಅದಕ್ಕಾಗಿ ‘ಮಾವ’ ಎಂದು ಬರೆದುಕೊಳ್ಳದೆ ‘ತಾಯಿಯ ಒಡಹುಟ್ಟಿದ ತಮ್ಮ’ ಎಂದು ಬಿಡಿಸಿ ಬರೆಯಿರಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದರಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರು ಮರಳುತ್ತದೆ; ವಯಸ್ಸಿನ ಲೆಕ್ಕ ಹಾಕದೆ ಹೆಸರು ಕೂಡಿಬಂತೆಂದು ಒಪ್ಪಿದರೆ ಅಜ್ಜನೂ ಮೊಮ್ಮಗನೂ ಒಬ್ಬರೇ ಆಗಿಬಿಡುತ್ತಾರೆ. ಅಳಿಯಸಂತಾನದ ತುಳುನಾಡಿನ ಕುಟುಂಬಗಳಲ್ಲಿ ತಂದೆಯ ಕಡೆಯಿಂದ ಬೇರು ಹಿಡಿದು ಹೋದರೆ ದಾರಿ ಮುಚ್ಚುತ್ತದೆ, ಅಲ್ಲಿ ‘ಬಳಿ’ ಎಂಬ ಕುಲದ ಗುರುತು ತಾಯಿಯಿಂದ ಬರುತ್ತದೆ. ಬೇರೆಡೆ ಬೆಡಗು, ಮನೆದೇವರು, ಅಡ್ಡಹೆಸರು, ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಇದೇ ಕೆಲಸ ಮಾಡುತ್ತವೆ.

ಒಂದು ಗುರುತನ್ನು ನಾನು ಒಪ್ಪಿಕೊಳ್ಳುವುದು ಮೂರು ಸಂಗತಿ ಕೂಡಿದಾಗ ಮಾತ್ರ: ಒಬ್ಬರನ್ನೊಬ್ಬರು ಮಾತಾಡಿಸಿರದ ಇಬ್ಬರು ಅದೇ ಮುಖವನ್ನು ಗುರುತಿಸಿರಬೇಕು, ಒಂದು ಕಾಗದ ಅದನ್ನು ಬೆಂಬಲಿಸಬೇಕು, ಮತ್ತು ವಯಸ್ಸಿನ ಲೆಕ್ಕ ಹೊಂದಬೇಕು. ಮುಖದ ಹೋಲಿಕೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಗುವನ್ನೆತ್ತಿಕೊಂಡ ಆ ಹೆಣ್ಣು ಅಜ್ಜಿಯ ಹಿರಿಯಕ್ಕನೆಂದು ಅಜ್ಜಿಯ ಆ ಕಿರಿಯ ತಮ್ಮ ಹೇಳಿದರು; ಅದೇ ಮೇಸ್ತ್ರಿಯ ಗುಂಪಿನಲ್ಲಿ ದುಡಿದಿದ್ದ, ಈಗ ತೊಂಬತ್ತರ ಹತ್ತಿರದ ಇನ್ನೊಬ್ಬರು, ನಾವು ಏನೂ ಹೇಳದೆಯೇ, ಅದೇ ಮುಖದ ಮೇಲೆ ಬೆರಳಿಟ್ಟು ಅದೇ ಮನೆಯ ಹೆಸರು ಹೇಳಿದರು; ಚೆಕ್‌ರೋಲಿನ ಪುಟದಲ್ಲಿ ಆಕೆಯ ಹೆಸರಿನ ಮುಂದೆ ನಮ್ಮ ಊರಿನ ಹೆಸರಿತ್ತು. ತೋಟದ ಹತ್ತಿರದ ಶಾಲೆಯ ಪುಸ್ತಕ ಮಗುವಿನವರೆಗೆ ಕರೆದೊಯ್ಯಿತು. ಕಂಕುಳಲ್ಲಿದ್ದ ಆ ಕೂಸು ನನಗೆ ದೊಡ್ಡಮ್ಮನಾಗಬೇಕಾದವರು, ಇಂದಿಗೂ ಘಟ್ಟದ ಮೇಲೆಯೇ ಇದ್ದಾರೆ.

ಹೊಸದಾಗಿ ಸಿಕ್ಕ ಬಂಧುಗಳ ಬಾಗಿಲಿಗೆ ಫೋಟೋ ಹಿಡಿದು ನೇರವಾಗಿ ಹೋಗಬೇಡಿ. ಇಬ್ಬರಿಗೂ ಪರಿಚಯದ ಒಬ್ಬರ ಮೂಲಕ ಮೊದಲು ವಿಷಯ ತಿಳಿಸಿ, ಬೇಡವೆನ್ನುವ ಅವಕಾಶ ಅವರಿಗಿರಲಿ. ಆಸ್ತಿಯ ಪಾಲಿಗಾಗಿ ಬಂದಿದ್ದಾರೆಂಬ ಅನುಮಾನ ಎಲ್ಲಕ್ಕಿಂತ ಮೊದಲು ಹುಟ್ಟುತ್ತದೆ. ನೀವು ಯಾತಕ್ಕಾಗಿ ಬಂದಿರಿ ಎಂಬುದನ್ನು ಮೊದಲ ಮಾತಿನಲ್ಲಿಯೇ ಸ್ಪಷ್ಟಪಡಿಸಿ. ಕುಟುಂಬದ ದೈವಕ್ಕೆ ತಂಬಿಲ ಕೊಡುವ ದಿನ, ಮನೆದೇವರ ಜಾತ್ರೆ, ಹೀಗೆ ಎಲ್ಲರೂ ಸೇರುವ ಸಂದರ್ಭದಲ್ಲಿ ಪ್ರತಿಗಳನ್ನು ಹಂಚಿದರೆ ಮಿಕ್ಕ ಮುಖಗಳನ್ನು ಗುರುತಿಸುವವರೂ ಅಲ್ಲಿಯೇ ಸಿಗುತ್ತಾರೆ. ಯಾರ ಫೋಟೋವನ್ನಾಗಲಿ ಸಾಮಾಜಿಕ ಜಾಲತಾಣದಲ್ಲಿ ಹಾಕುವ ಮೊದಲು ಅವರ ಮನೆಯವರನ್ನು ಕೇಳಿ. ಜಾತಿಯ, ಜೀತದ, ಮದುವೆಯ ವಿವರಗಳನ್ನು ಅವರು ಬೇಡವೆಂದರೆ ಹೊರಗೆ ಬಿಡಬೇಡಿ.

ಕೊನೆಗೆ, ತಿಳಿದದ್ದನ್ನು ಬರೆದಿಡುವ ಕ್ರಮ. ಮೂಲ ಫೋಟೋದ ಬೆನ್ನಿನ ಮೇಲೆ ಬಾಲ್‌ಪೆನ್ನಿನಿಂದ ಬರೆದರೆ ಗೀರು ಮುಂದಿನ ಬದಿಗೆ ಮೂಡುತ್ತದೆ, ಶಾಯಿ ಹರಡುತ್ತದೆ. ಮೆದು ಪೆನ್ಸಿಲಿನಿಂದ, ಅಂಚಿನಲ್ಲಿ, ಹಗುರವಾಗಿ ವರ್ಷ ಮತ್ತು ಸ್ಥಳವನ್ನಷ್ಟೇ ಬರೆಯಿರಿ. ಹೆಸರುಗಳ ಪಟ್ಟಿಯನ್ನು ಬೇರೆ ಕಾಗದದಲ್ಲಿ, ಸಂಖ್ಯೆಯ ನಕ್ಷೆಯೊಂದಿಗೆ, ಒಂದೊಂದು ಹೆಸರಿನ ಮುಂದೆ ಅದನ್ನು ಹೇಳಿದವರು ಯಾರು, ಯಾವ ದಿನ ಹೇಳಿದರು, ಯಾವ ಕಾಗದದಲ್ಲಿದೆ ಎಂಬುದರ ಸಮೇತ ಬರೆದು ಫೋಟೋದ ಲಕೋಟೆಯಲ್ಲಿಯೇ ಇಡಿ. ನನ್ನ ಪಟ್ಟಿಯಲ್ಲಿ ಇಪ್ಪತ್ತಮೂರರ ಪೈಕಿ ಹನ್ನೊಂದು ಹೆಸರುಗಳಿವೆ. ಉಳಿದ ಹನ್ನೆರಡು ಸಂಖ್ಯೆಗಳ ಮುಂದೆ ಒಂದೊಂದು ಗೆರೆಯಷ್ಟು ಜಾಗ ಬಿಟ್ಟಿದ್ದೇನೆ. ಹನ್ನೆರಡನೆಯವರು ಹಾಳೆಟೊಪ್ಪಿಯ ಅಂಚನ್ನು ಒಂದು ಕೈಯಲ್ಲಿ ಹಿಡಿದು ನಿಂತ ಹುಡುಗ; ಅವರು ಯಾರ ಪೈಕಿಯೆಂದು ಬರುವ ಕೊಯ್ಲಿನ ಹೊತ್ತಿಗೆ ದೊಡ್ಡಮ್ಮನನ್ನು ಕೇಳಬೇಕಾಗಿದೆ.